ಮೂರೂವರೆ ನಿಮಿಷದ ಪ್ರಾರ್ಥನೆ

ನಾನು ಅವಳೊಂದಿಗೆ ಆಡಿದ ಮೊದಲ ಮಾತೇ ಒಂದು ಗದರಿಕೆ.

ಆಸ್ಪತ್ರೆಯ ಆಪರೇಷನ್ ಥಿಯೇಟರಿಗೂ ನನ್ನ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಗಾಜಿನ ಕಿಟಕಿಯಿತ್ತು. ಕತ್ತರಿ, ಚಿಮಟ, ಸೂಜಿಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಆಟೋಕ್ಲೇವ್ ಯಂತ್ರದ ಬಿಸಿ ಆವಿಯಲ್ಲಿ ಒಂದು ಕ್ರಿಮಿಯೂ ಉಳಿಯದಂತೆ ಶುದ್ಧಗೊಳಿಸಿ, ಆ ಕಿಟಕಿಯಿಂದ ದಾಟಿಸುವುದು ನನ್ನ ಕೆಲಸ. ಆಚೆ ಬದಿಯಲ್ಲಿ ಕಟ್ಟನ್ನು ತೆಗೆದುಕೊಳ್ಳುವುದು ಥಿಯೇಟರ್ ನರ್ಸಿನ ಕೆಲಸ. ಹೊಸದಾಗಿ ಬಂದಿದ್ದ ನರ್ಸ್ ಆ ಬೆಳಿಗ್ಗೆ ಕಟ್ಟಿನ ಮೇಲೆ ಎರಡೂ ಅಂಗೈಗಳನ್ನಿಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಒಳಗೆ ರೋಗಿ ಕಾಯುತ್ತಿದ್ದ.

ನಾನು ಗಾಜು ಬಡಿದೆ. "ಸಿಸ್ಟರ್, ನಿದ್ದೆ ಮಾಡೋದಿದ್ರೆ ಮನೆಗೆ ಹೋಗಿ. ಇದು ಥಿಯೇಟರ್."

ಅವಳು ಬೆಚ್ಚಲಿಲ್ಲ. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಕಣ್ಣುಗಳು ಮಾತ್ರ. ಅವು ನಿಧಾನವಾಗಿ ತೆರೆದುಕೊಂಡವು, ಒಳಮನೆಯಿಂದ ಯಾರೋ ದೀಪ ಹಿಡಿದು ಬಾಗಿಲ ತನಕ ಬಂದ ಹಾಗೆ.

"ನಿದ್ದೆ ಅಲ್ಲ. ಮಾತಾಡ್ತಾ ಇದ್ದೆ."

"ಯಾರ ಹತ್ರ?"

"ನಿಮ್ಮ ರಿಜಿಸ್ಟರಲ್ಲಿ ಸಹಿ ಹಾಕದೆ ಇರೋರ ಹತ್ರ," ಎಂದವಳೇ ಕಟ್ಟನ್ನೆತ್ತಿಕೊಂಡು ಒಳಗೆ ನಡೆದಳು.

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ 'ಪುರಾವೆ' ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ "ಪುರಾವೆ ಎಲ್ಲಿ?" ಎಂದು ಕೇಳುವ ಚಾಳಿ ನನ್ನದು. ದೇವರ ಮೇಲೆ ನನಗೆ ದ್ವೇಷವೇನೂ ಇರಲಿಲ್ಲ. ವಿಳಾಸ ಗೊತ್ತಿಲ್ಲದವರಿಗೆ ಕಾಗದ ಬರೆಯುವ ಅಭ್ಯಾಸವಿರಲಿಲ್ಲ, ಅಷ್ಟೇ.

ನನ್ನ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಹೆಂಗಸನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ನನಗೇ ಗೊತ್ತಾಗುವ ಮೊದಲು ನನ್ನ ಮನಸ್ಸು ಅವರಿಗೆ ಗೊತ್ತಾಗಿತ್ತು.

"ಏನಪ್ಪಾ ಪುರಾವೆ, ಆ ಗಾಜನ್ನ ದಿನಕ್ಕೆ ನಾಲ್ಕು ಸಲ ಒರೆಸ್ತೀಯಲ್ಲ?"

"ಧೂಳು, ದೊಡ್ಡಕ್ಕ."

"ಅವಳು ಆ ಕಡೆ ಬಂದು ನಿಂತಾಗ ಮಾತ್ರ ಕಾಣೋ ಧೂಳಾ? ಇನ್ನೊಂದು ಮಾತು ಕೇಳು. ಆ ಸಿಸ್ಟರ್ ಸಿಸ್ಟರ್ ಅನ್ನೋದನ್ನ ಈಗಲೇ ಬಿಡು. ಆಮೇಲೆ ಮದುವೆ ಕಾಗದದಲ್ಲಿ ಏನಂತ ಅಚ್ಚು ಹಾಕಿಸ್ತೀಯ?"

ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯ ಹಿಂಬದಿಯ ಮೆಟ್ಟಿಲುಗಳ ಮೇಲೆ ಕರವಸ್ತ್ರದಷ್ಟಗಲ ಬಿಸಿಲು ಬೀಳುತ್ತಿತ್ತು. ಅವಳು ಅಲ್ಲಿ ಕುಳಿತು ಊಟ ಮಾಡುತ್ತಿದ್ದಳು. ನಾನು ಎರಡು ಮೆಟ್ಟಿಲು ಕೆಳಗೆ ಕುಳಿತುಕೊಳ್ಳತೊಡಗಿದೆ. ಮರುವಾರ ಒಂದು ಮೆಟ್ಟಿಲು.

"ನಿಜವಾಗ್ಲೂ ಕೇಳ್ತೀನಿ," ಎಂದೆ ಒಂದು ದಿನ. "ಕಟ್ಟಿಗೆ ಅಂಟಿಸಿರೋ ಟೇಪಲ್ಲಿ ಕಪ್ಪು ಗೆರೆ ಬಂದಿರುತ್ತೆ. ಅದರ ಮೇಲೆ ನೀವು ಕೈಯಿಟ್ಟು ಹೊಸದಾಗಿ ಏನು ಸೇರಿಸ್ತೀರಿ?"

"ಆ ಗೆರೆ ಏನು ಹೇಳುತ್ತೆ? ಬಿಸಿ ತಾಗಿದೆ ಅಂತ. ಒಳಗಿನ ಕ್ರಿಮಿ ಎಲ್ಲಾ ಸತ್ತಿದೆ ಅಂತ ಹೇಳುತ್ತಾ?"

ನನ್ನ ವಿದ್ಯೆಯ ಮರ್ಮಸ್ಥಾನಕ್ಕೇ ಅವಳು ಬೆರಳಿಟ್ಟಿದ್ದಳು. "ಅದಕ್ಕೆ ಬೇರೆ ಪರೀಕ್ಷೆ ಇದೆ. ಜೀವ ಇರೋ ಕ್ರಿಮಿಗಳ ಸಣ್ಣ ಸೀಸೆಯನ್ನ ಕಟ್ಟುಗಳ ಮಧ್ಯೆ ಇಡ್ತೀವಿ. ಅವು ಸತ್ತಿದ್ರೆ ಎಲ್ಲಾ ಸರಿಯಾಗಿದೆ ಅಂತ ಅರ್ಥ."

"ಗೊತ್ತಾಗೋಕೆ ಎಷ್ಟು ಹೊತ್ತು?"

"ಎರಡು ದಿನ."

"ಅಷ್ಟರಲ್ಲಿ ಆ ಕಟ್ಟು?"

"ಬಳಸಿ ಆಗಿರುತ್ತೆ," ಎಂದು ಒಪ್ಪಿಕೊಂಡೆ.

"ಆ ಎರಡು ದಿನ ನೀವೇನು ಮಾಡ್ತೀರಿ, ಪುರಾವೆ?"

"ಕಾಯ್ತೀನಿ."

"ನಾನೂ ಅಷ್ಟೇ. ಕಣ್ಣು ಮುಚ್ಕೊಂಡು ಕಾಯ್ತೀನಿ."

"ಎರಡೂ ಒಂದೇ ಹೇಗಾಗುತ್ತೆ? ನಂಗೆ ಮೂರನೇ ದಿನ ಉತ್ತರ ಬರುತ್ತೆ. ತಪ್ಪಾಗಿದ್ರೆ ತಪ್ಪು ಅಂತ ಬರ್ಕೋತೀನಿ. ನಿಮಗೆ?"

ಅವಳು ಚಮಚವನ್ನು ಅರ್ಧದಲ್ಲೇ ತಡೆದು ಯೋಚಿಸಿದಳು. ಸೋತಾಗ ಸೋಲನ್ನು ಬಚ್ಚಿಡದ ಘನತೆಯೊಂದು ಅವಳಲ್ಲಿತ್ತು. "ಒಪ್ದೆ. ಎರಡೂ ಒಂದೇ ಅಲ್ಲ. ನಂದು ಮುಗಿಯೋದೇ ಇಲ್ಲ." ಮತ್ತೆ ಓರೆಗಣ್ಣಲ್ಲಿ ನೋಡಿ, "ಪಾಪ, ನಿಮ್ಮದು ಎರಡೇ ದಿನಕ್ಕೆ ಮುಗಿದುಹೋಗುತ್ತಲ್ಲ. ಆಮೇಲೆ ಏನು ಮಾಡ್ತೀರಿ?"

"ಕಿಟಕಿ ಗಾಜು ಒರೆಸ್ತೀನಿ."

ಅವಳ ಕಿವಿಯ ತುದಿ ಕೆಂಪಾಯಿತು. ಮಾಸ್ಕು ಕತ್ತಿಗಿಳಿದಿತ್ತು; ಮರೆಯಾಗಲು ಅವಳ ಬಳಿ ಏನೂ ಇರಲಿಲ್ಲ. ಊಟದ ಡಬ್ಬಿಯ ಮುಚ್ಚಳವನ್ನು ಹಾಕಿ, ತೆಗೆದು, ಮತ್ತೆ ಹಾಕಿದಳು.

ಅವಳ ತಂದೆ ತೀರಿ ಎಷ್ಟೋ ವರ್ಷಗಳಾಗಿದ್ದವು. ತಾಯಿ ಮನೆಯಲ್ಲೇ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಅಣ್ಣ ಬಸ್ ಡ್ರೈವರ್. ಸಂಜೆ ಹೊಲಿಗೆ ಯಂತ್ರ ನಿಂತ ಮೇಲೆ ಆ ಮನೆಯವರೆಲ್ಲ ಮುಂದಿನ ಕೋಣೆಯಲ್ಲಿ ಒಟ್ಟಾಗಿ ನಿಂತು ಪ್ರಾರ್ಥಿಸುತ್ತಿದ್ದರು. ಆ ಸಾಲಿನಲ್ಲಿ ನಿಲ್ಲಬಲ್ಲ ಅಳಿಯ ಬೇಕು, ಮಿಕ್ಕಿದ್ದನ್ನೆಲ್ಲ ಹೊಂದಿಸಿಕೊಳ್ಳಬಹುದು ಎಂಬುದು ತಾಯಿಯ ಒಂದೇ ಷರತ್ತು.

"ನೀವು ಹೇಗಿದ್ದೀರೋ ಹಾಗೇ ಬನ್ನಿ," ಎಂದಿದ್ದಳು ಅವಳು. "ಅಮ್ಮನಿಗೆ ನಾನು ಹೇಳ್ತೀನಿ. ಒಂದಷ್ಟು ದಿನ ಮುನಿಸ್ಕೋತಾರೆ. ಆಮೇಲೆ ಕರಗ್ತಾರೆ."

ನಾನು ಇದ್ದ ಹಾಗೆ ಹೋಗಲಿಲ್ಲ. ಅವಳನ್ನು ಕಳೆದುಕೊಳ್ಳುವ ಭಯ ನನ್ನನ್ನು ನಟನನ್ನಾಗಿ ಮಾಡಿತು. ಅವರ ಮನೆಯಲ್ಲಿ ಸಂಜೆಯ ಪ್ರಾರ್ಥನೆಗೆ ತಾಯಿ ಎದ್ದು ನಿಂತಾಗ ನಾನೂ ನಿಂತೆ. ಅವರು ಕಣ್ಣು ಮುಚ್ಚಿದಾಗ ನಾನೂ ಮುಚ್ಚಿದೆ. ಆದರೆ ಎಷ್ಟು ಹೊತ್ತು? ಯಾರೂ ಹೇಳಿರಲಿಲ್ಲ. ಕೈಗೆ ರೂಢಿಯಾಗಿದ್ದ ಕಾಲಾವಧಿ ಒಂದೇ: ಯಂತ್ರದ ಶಾಖ ಏರಿದ ಮೇಲೆ ಅದನ್ನು ತಡೆದು ನಿಲ್ಲಿಸಬೇಕಾದ ಮೂರೂವರೆ ನಿಮಿಷ. ಗಡಿಯಾರವನ್ನು ಪೂರ್ತಿ ನಂಬದ ನಾನು ಅದನ್ನು ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳಿನಿಂದ ಎಣಿಸುತ್ತಿದ್ದೆ. ಅಲ್ಲಿಯೂ ಎಣಿಸಿದೆ. ಇನ್ನೂರಹತ್ತು ತುಂಬಿದಾಗ ಕಣ್ಣು ತೆರೆದರೆ, ಉಳಿದವರ ಪ್ರಾರ್ಥನೆ ಎಂದೋ ಮುಗಿದಿತ್ತು. ಮೂವರೂ ನನ್ನನ್ನೇ ನೋಡುತ್ತಿದ್ದರು.

ತಾಯಿಯ ಕಣ್ಣು ತುಂಬಿತ್ತು. "ಬೆರಳೆಣಿಸಿ ದೇವರ ಹೆಸರು ಹೇಳ್ತಾನಲ್ಲೇ! ಈ ಕಾಲದಲ್ಲಿ ಇಂಥ ಹುಡುಗ ಎಲ್ಲಿ ಸಿಗ್ತಾನೆ?"

"ನಾವೆಲ್ಲ ಲೋಕಲ್ ಬಸ್ಸು, ಇವರು ಎಕ್ಸ್‌ಪ್ರೆಸ್ಸು ಕಣಮ್ಮ. ಮಧ್ಯೆ ಎಲ್ಲೂ ನಿಲ್ಲಿಸಲ್ಲ," ಎಂದು ಅಣ್ಣ ನಕ್ಕ.

ಅವಳು ನಗಲಿಲ್ಲ. ಬಸ್ ಸ್ಟಾಪಿನವರೆಗೂ ಜೊತೆಗೆ ಬಂದು, ಅಲ್ಲಿ ನಿಂತು ಕೇಳಿದಳು.

"ಮೂರೂವರೆ ನಿಮಿಷ ಅಲ್ವಾ? ನಮ್ಮಮ್ಮನ ದೇವರು ಸರಿಯಾಗಿ ಬೆಂದ್ರಾ?"

"ನಿಮ್ಮನ್ನ ಕಳ್ಕೋಬಾರದು ಅಂತ..."

"ನೀವು ನಂಬಲ್ಲ ಅಂತ ಗೊತ್ತಿದ್ದೇ ಇಷ್ಟಪಟ್ಟೆ. ನೀವು ಇಲ್ಲ ಅಂದಾಗಲೂ ನನ್ನ ದೇವರನ್ನ ಲೇವಡಿ ಮಾಡಿರಲಿಲ್ಲ. ಇವತ್ತು ಮಾಡಿದ್ರಿ." ಅವಳ ದನಿ ಏರಲಿಲ್ಲ. "ಅಮ್ಮನಿಗೆ ನೀವೇ ನಿಜ ಹೇಳಬೇಕು. ಅಲ್ಲಿವರೆಗೂ ನಮ್ಮಿಬ್ಬರ ಮಧ್ಯೆ ಮಾತಿಲ್ಲ."

ನಾನು ಹೇಳಲಿಲ್ಲ. ಇವತ್ತು, ನಾಳೆ ಎನ್ನುತ್ತ ಎರಡು ತಿಂಗಳು ಕಳೆಯಿತು. ಕಟ್ಟುಗಳು ದಾಟುತ್ತಿದ್ದವು, ಕಣ್ಣುಗಳು ದಾಟುತ್ತಿರಲಿಲ್ಲ.

ಆಗ ತಾಯಿಯ ಹೊಟ್ಟೆಯಲ್ಲಿ ಗೆಡ್ಡೆಯಿರುವುದು ಪತ್ತೆಯಾಯಿತು. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್. ಮನೆಯವರ ಆಪರೇಷನ್ನಿನಲ್ಲಿ ನರ್ಸ್ ಇರುವಂತಿಲ್ಲವಾದ್ದರಿಂದ ಅವಳು ಹೊರಗುಳಿದಳು. ಆ ದಿನದ ಕಟ್ಟುಗಳನ್ನು ನಾನು ಯಾರಿಗೂ ಮುಟ್ಟಗೊಡಲಿಲ್ಲ. ಒಂದೊಂದು ಕತ್ತರಿಯನ್ನೂ ಬಿಡಿಸಿ, ಕೀಲುಗಳ ಸಂದಿಗಳನ್ನು ಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದೆ.

ಥಿಯೇಟರಿನ ಹೊರಗೆ ತಾಯಿ ಗಾಲಿಮಂಚದ ಮೇಲೆ ಮಲಗಿದ್ದರು. ಮಗಳು ರಕ್ತದ ಚೀಟಿ ಹಿಡಿದು ಕೆಳಗೆ ಹೋಗಿದ್ದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನನ್ನು ಕಂಡು ಅವರು ಕೈ ಚಾಚಿದರು. ಬೆರಳುಗಳು ತಣ್ಣಗಿದ್ದವು.

"ಭಯ ಆಗ್ತಿದೆ ಕಣಪ್ಪ. ನೀನು ನನಗೋಸ್ಕರ ಪ್ರಾರ್ಥನೆ ಮಾಡು. ನಿನ್ನ ಮಾತು ದೇವರು ಕೇಳ್ತಾನೆ."

ಹೂಂ ಎಂದರೆ ಮುಗಿಯುತ್ತಿತ್ತು. ಅದನ್ನೇ ಕರುಣೆ ಎನ್ನಬಹುದಿತ್ತು. ಆದರೆ ಆ ಕೈ ನನ್ನ ಕೈಯನ್ನಲ್ಲ, ಎಲ್ಲೂ ಇಲ್ಲದ ಇನ್ನೊಬ್ಬನ ಕೈಯನ್ನು ಹಿಡಿದಿತ್ತು.

"ಅಮ್ಮ, ನಂಗೆ ಪ್ರಾರ್ಥನೆ ಬರಲ್ಲ. ಅವತ್ತು ನಾನು ನಿಮಿಷ ಎಣಿಸ್ತಾ ಇದ್ದೆ. ನಿಮಗೆ ಮೋಸ ಮಾಡಿದೆ. ಆದ್ರೆ ಇವತ್ತಿನ ಸಾಮಾನೆಲ್ಲ ನಾನೇ ತೊಳೆದಿದ್ದೀನಿ. ನನ್ನ ಕೈಲಿ ಆಗೋದು ಅಷ್ಟೇ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಕೈ ಬಿಡಿಸಿಕೊಂಡು, ತುಟಿ ಕಚ್ಚಿ ಗೋಡೆಯ ಕಡೆಗೆ ಮುಖ ತಿರುಗಿಸಿದರು. "ಅವಳನ್ನ ಕರಿ," ಎಂದರು.

ನಾನು ಓಡಿದೆ. ಅವಳನ್ನು ಕರೆದುಕೊಂಡು ಮೇಲೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ತಾಯಿಗೆ ಮತ್ತೆ ಎಚ್ಚರವಾಗಲಿಲ್ಲ. ಮೂರನೆಯ ದಿನ ಹೃದಯ ನಿಂತಿತು. ಅಂದೇ ನನ್ನ ಸೀಸೆಯ ಫಲಿತಾಂಶವೂ ಬಂತು: ಕ್ರಿಮಿಗಳೆಲ್ಲ ಸತ್ತಿದ್ದವು, ಕೆಲಸ ಶುದ್ಧವಾಗಿತ್ತು. ಎಲ್ಲವೂ ಸರಿಯಾಗಿತ್ತು. ಅವರು ಮಾತ್ರ ಉಳಿಯಲಿಲ್ಲ.

ಹದಿನೈದನೆಯ ದಿನದ ಸಂಜೆ ಆ ಮನೆಗೆ ಹೋದೆ. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ನೀಲಿ ತೋಳೊಂದು ಹಾಗೇ ಇತ್ತು. ಅದರ ಪಕ್ಕದಲ್ಲಿ ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಈ ಸಾವಿನ ಮುಂದೆ ಅವಳ ನಂಬಿಕೆ ಮುರಿದು ಬೀಳುತ್ತದೆಂದು ನಾನು ಎಣಿಸಿದ್ದೆ. ಎದೆಯ ಯಾವುದೋ ಮೂಲೆಯಲ್ಲಿ ಹಾಗೆ ಬಯಸಿಯೂ ಇದ್ದೆನೇನೋ. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಹೊಸಿಲಾಚೆಯೇ ನಿಂತು ಕಾದೆ.

ಅವಳು ಕಣ್ಣು ತೆರೆದಾಗ ಮೆಲ್ಲನೆ ಕೇಳಿದೆ. "ಇನ್ನೂ?"

"ಅಮ್ಮ ಉಳೀಲಿ ಅಂತ ಕೇಳ್ಕೊಂಡೆ. ಉಳೀಲಿಲ್ಲ."

"ಉತ್ತರ ಬರಲಿಲ್ಲ ಅಂದ ಮೇಲೆ..."

"ಅಮ್ಮನೂ ಈಗ ನಂಗೆ ಉತ್ತರ ಕೊಡ್ತಾ ಇಲ್ಲ," ಎಂದಳು. "ಅವಳ ಹತ್ರ ಮಾತಾಡೋದನ್ನ ಬಿಟ್ಟುಬಿಡಲಾ?"

ಓದಿದ, ಕೇಳಿದ, ನಾನೇ ಕಟ್ಟಿದ ಎಲ್ಲ ವಾದಗಳನ್ನೂ ಒಳಗೆ ಹುಡುಕಿದೆ. ಅವು ಸುಳ್ಳಾಗಿರಲಿಲ್ಲ. ಆದರೆ ಆ ಕೋಣೆಯಲ್ಲಿ ಅವುಗಳಿಗೆ ಕುಳಿತುಕೊಳ್ಳಲು ಜಾಗವಿರಲಿಲ್ಲ.

ಅಣ್ಣ ಒಳಗಿನಿಂದ ಬಂದು ಕುರ್ಚಿ ಎಳೆದುಕೊಟ್ಟ. "ಅಮ್ಮನ ಹತ್ರ ಕೊನೇಲಿ ಮಾತಾಡಿದ್ದು ನೀವೇ. ಏನಂದ್ರು? ನಿಮ್ಮನ್ನ ಕಂಡ್ರೆ ಅವರಿಗೆ ಪ್ರಾಣ. ಬೀದಿಗೆಲ್ಲ ಹೇಳ್ಕೊಂಡು ಬಂದಿದ್ರು. ನಿಮ್ಮಿಬ್ಬರ ವಿಷಯ ಏನಾದ್ರೂ ಹೇಳಿದ್ರಾ? ಹೇಳಿದ್ರೆ ನಂದೇನೂ ಅಡ್ಡಿ ಇಲ್ಲ. ಅವರ ಮಾತೇ ಕೊನೆ."

ಒಂದು ವಾಕ್ಯ ಸಾಕಿತ್ತು. ಚೆನ್ನಾಗಿರಿ ಅಂದ್ರು ಎಂದಿದ್ದರೆ ಆ ಮನೆ ಸಮಾಧಾನದಿಂದ ಅಳುತ್ತಿತ್ತು, ಅವಳು ನನ್ನವಳಾಗುತ್ತಿದ್ದಳು. ಅಲ್ಲವೆನ್ನಲು ಲೋಕದಲ್ಲಿ ಯಾರೂ ಉಳಿದಿರಲಿಲ್ಲ. ಅವಳು ನೀಲಿ ತೋಳನ್ನು ಸವರುತ್ತ ನನ್ನತ್ತ ನೋಡದೆ ನಿಂತಿದ್ದಳು.

"ನನಗೋಸ್ಕರ ಪ್ರಾರ್ಥನೆ ಮಾಡು ಅಂದ್ರು," ಎಂದೆ. "ನಂಗೆ ಬರಲ್ಲ, ಅವತ್ತು ಮೋಸ ಮಾಡಿದೆ ಅಂದೆ. ಕೈ ಬಿಟ್ಟು ಮುಖ ತಿರುಗಿಸಿದ್ರು. ಅವಳನ್ನ ಕರಿ ಅಂದ್ರು. ಅಷ್ಟೇ. ನಮ್ಮಿಬ್ಬರನ್ನೂ ಹರಸೋ ಮಾತು ಏನೂ ಇರಲಿಲ್ಲ."

ಅಣ್ಣನ ಮುಖ ಬಿಗಿಯಿತು. "ಹೋಗೋ ಜೀವಕ್ಕೆ ಹೇಳೋ ಮಾತೇನ್ರೀ ಅದು?" ಎಂದವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ನಾನೂ ಎದ್ದೆ. ಎಲ್ಲ ಮುಗಿಯಿತೆಂದುಕೊಂಡೆ.

"ಯಾವ ಕಡೆಗೆ ತಿರುಗಿದ್ರು?" ಎಂದಳು ಅವಳು.

"ಗೋಡೆ ಕಡೆಗೆ."

"ತುಟಿ ಕಚ್ಕೊಂಡು?"

"ಹೌದು."

ಅವಳು ಕುಸಿದು ಕುಳಿತು ಮೊದಲ ಬಾರಿಗೆ ನನ್ನೆದುರು ಅತ್ತಳು. "ಅದೇ ನಮ್ಮಮ್ಮ. ಕೋಪ ಬಂದ್ರೆ ಗೋಡೆ ಕಡೆಗೆ ತಿರುಗಿ ತುಟಿ ಕಚ್ಕೊಳ್ಳೋಳು. ನೀವು ಹರಸಿದ್ರು ಅಂದಿದ್ರೆ ಯಾರೋ ಬೇರೆಯವರ ಅಮ್ಮ ಆಗಿಬಿಡ್ತಿದ್ಲು. ಕೊನೇ ಗಳಿಗೇಲೂ ಅವಳಾಗೇ ಇದ್ಲಲ್ಲ..."

ನಾನು ನೆಲದ ಮೇಲೆ, ಮುಟ್ಟದಷ್ಟು ದೂರದಲ್ಲಿ ಕುಳಿತೆ. ಹೊರಗೆ ಬೀದಿಯ ಸದ್ದುಗಳು ಒಂದೊಂದಾಗಿ ಮನೆಗೆ ಮರಳುತ್ತಿದ್ದವು. ಬಹಳ ಹೊತ್ತಿನ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

"ಅಮ್ಮ ಹೋಗಿ ಎಷ್ಟು ದಿನ ಆಯ್ತು?"

"ಹದಿನೈದು."

"ಅಮ್ಮನ ಕೋಪ ಯಾವತ್ತೂ ಒಂದು ವಾರ ದಾಟಿಲ್ಲ," ಎಂದಳು. ಕೈ ಚಾಚಿ ನನ್ನ ಬೆರಳುಗಳನ್ನು ಹಿಡಿದುಕೊಂಡಳು. "ಇಷ್ಟೊತ್ತಿಗೆ ಇಳಿದಿರುತ್ತೆ."

ಅದೆಲ್ಲ ಆಗಿ ನಲವತ್ತೊಂದು ವರ್ಷ. ಅಣ್ಣ ಮಾತಾಡಲು ಒಂದು ವರ್ಷ ಹಿಡಿಯಿತು. ಅವನ ಕೋಪ ಅಮ್ಮನದಕ್ಕಿಂತ ನಿಧಾನ. ನಾನು ಇಂದಿಗೂ ನಂಬುವುದಿಲ್ಲ. ಅವಳು ಇಂದಿಗೂ ಬಿಟ್ಟಿಲ್ಲ. ಬೆಳಿಗ್ಗೆ ಅವಳು ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕುಳಿತಾಗ ನಾನು ಎದುರು ಕುರ್ಚಿಯಲ್ಲಿ ಪತ್ರಿಕೆ ಹಿಡಿದಿರುತ್ತೇನೆ. ಕಾಗದದ ಸದ್ದಾದೀತೆಂದು ಪುಟ ತಿರುಗಿಸುವುದಿಲ್ಲ. ಅದೇ ಪುಟದ ಮೇಲೆ ಕಣ್ಣಿಟ್ಟುಕೊಂಡು ಅವಳ ಉಸಿರನ್ನು ಕೇಳುತ್ತಿರುತ್ತೇನೆ.

"ರೀ," ಎನ್ನುತ್ತಾಳೆ ಅವಳು, ಕಣ್ಣನ್ನಿನ್ನೂ ತೆರೆಯದೆ. "ಆಯ್ತು. ಪುಟ ತಿರುಗಿಸ್ಕೊಳ್ಳಿ."