ಅಸಲು ಕರಗುವ ಹೊತ್ತು

"ಸಾಲ ಬೇಗ ತೀರಿಸ್ಬೇಕು ಅಂತ ಬರೋರು ಬೇಕಾದಷ್ಟು ಜನ. ಆದ್ರೆ ಗಂಡ ಹೆಂಡ್ತಿ ಇಬ್ರೂ ಒಂದೇ ಸಮ ಆತುರ ಪಡೋದನ್ನ ಇವತ್ತೇ ನೋಡ್ತಿರೋದು," ಎಂದು ಬ್ಯಾಂಕಿನ ಮೇಡಂ ಕಣ್ಣರಳಿಸಿದರು. "ಸ್ವಂತ ಮನೆ ಅಂದ್ರೆ ಅಷ್ಟು ಆಸೆನಾ?"

ಅವಳು ಮೇಜಿನ ಗಾಜಿನಡಿಯಿದ್ದ ಕ್ಯಾಲೆಂಡರನ್ನು ನೋಡಿದಳು. ಅವನು ಕಿಟಕಿಯಾಚೆ ನೋಡಿದ. ಆಸೆಯೇನೋ ನಿಜ. ಆದರೆ ಅದು ಮನೆಯ ಮೇಲಿನದಲ್ಲ, ಬಿಡುಗಡೆಯ ಮೇಲಿನದು ಎಂದು ಆ ನಗುಮುಖದ ಹೆಂಗಸಿಗೆ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ.

ಅವರು ಬೇರೆಯಾಗುವುದೆಂದು ಹಿಂದಿನ ಭಾನುವಾರವಷ್ಟೇ ತೀರ್ಮಾನವಾಗಿತ್ತು. ಕೂಗಾಟವಿಲ್ಲ, ಕಣ್ಣೀರಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಅಳೆದು, ಗಾಜು ತೀಡಿ, ಫ್ರೇಮಿಗೆ ಕೂರಿಸುವವಳು. ಅವನು ಲಿಫ್ಟ್ ಮೆಕ್ಯಾನಿಕ್. ಕಳೆದ ವರ್ಷ ಬೇರೊಂದು ಊರಿನ ದೊಡ್ಡ ಅಂಗಡಿಯಿಂದ ಅವಳಿಗೆ ಕರೆ ಬಂದಿತ್ತು. ಮನೆಗೆ ಬಂದು ಹೇಳಿದಾಗ ಅವನು ಸ್ಪಾನರ್ ಒರೆಸುತ್ತಲೇ, "ಹೋಗೋದಾದ್ರೆ ಹೋಗು," ಎಂದಿದ್ದ. ಅವಳು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಅವನು ಕೇಳಲಿಲ್ಲ. ಅಂದಿನಿಂದ ಆ ಮನೆಯಿಂದ ಮಾತು ಒಂದೊಂದಾಗಿ ಕಾಲ್ತೆಗೆಯಿತು. ಕೊನೆಗೆ ಅವಳು ತನ್ನ ದಿಂಬು ಎತ್ತಿಕೊಂಡು ಚಿಕ್ಕ ರೂಮಿಗೆ ಹೋದಳು.

ಮನೆ ಮಾರಿ, ಹಣ ಹಂಚಿಕೊಂಡು, ತಮ್ಮ ತಮ್ಮ ದಾರಿ ಹಿಡಿಯುವುದು ಅವರ ಯೋಚನೆ. ಆದರೆ ಈಗ ಮಾರಿದರೆ ಬಂದದ್ದು ಸಾಲಕ್ಕೇ ಸಾಲದು. ಮೊದಲು ಸಾಲ ತೀರಲಿ, ಆಮೇಲೆ ಮಿಕ್ಕಿದ್ದು ಎಂದು ಇಬ್ಬರೂ ಬ್ಯಾಂಕಿಗೆ ಬಂದಿದ್ದರು.

"ತಿಂಗಳ ಕಂತು ಹೇಗೂ ಕಟ್ತೀರಿ," ಎಂದರು ಮೇಡಂ. "ಅದರ ಮೇಲೆ ಎಷ್ಟು ಕಟ್ಟಿದ್ರೂ ನೇರ ಅಸಲಿಗೆ ಹೋಗುತ್ತೆ. ಅಸಲು ಕರಗಿದ ಹಾಗೆ ಬಡ್ಡಿ ತಾನಾಗೇ ಇಳಿಯುತ್ತೆ. ಆದ್ರೆ ಒಂದು ಮಾತು. ಶುರುವಿನ ಹುರುಪು ಎಲ್ಲರಿಗೂ ಇರುತ್ತೆ, ನಡುವಲ್ಲಿ ಬೇಜಾರು ಹಿಡಿಯುತ್ತೆ. ಅದಕ್ಕೇ, ಅಸಲು ಒಂದಿಷ್ಟು ಕರಗಿದಾಗೆಲ್ಲ ಇಬ್ರೂ ಸೇರಿ ಏನಾದ್ರೂ ಖುಷಿ ಪಡಿ. ದುಡ್ಡು ಖರ್ಚು ಮಾಡಿ ಅಂತಲ್ಲ. ಒಟ್ಟಿಗೆ ಇರಿ, ಅಷ್ಟೇ."

ಮನೆಗೆ ಮರಳುವ ಬಸ್ಸಿನಲ್ಲಿ ಅವಳು ಕೇಳಿದಳು, "ಅವರು ಹೇಳಿದ್ದು ಸರಿ ಅನ್ಸುತ್ತಾ ನಿಮಗೆ?"

ಅವನು ಬೆಚ್ಚಿ ತಿರುಗಿದ. "ನಿಮಗಾ?"

"ಬೇರೆಯಾಗೋರು ತಾನೇ. ಈಗಿಂದ್ಲೇ ರೂಢಿ ಆಗ್ಲಿ."

"ಸರಿ," ಎಂದ ಅವನು. "ನಿಮ್ಮಿಷ್ಟ."

ಇಷ್ಟು ವರ್ಷ ಜೊತೆಗಿದ್ದವನ ಬಾಯಲ್ಲಿ ಆ ಬಹುವಚನ ಅಪರಿಚಿತನೊಬ್ಬನ ಕೈಕುಲುಕಿದಷ್ಟು ಹೊಸದಾಗಿತ್ತು. ಅವಳಿಗೆ ಯಾಕೋ ಕಿವಿ ಬೆಚ್ಚಗಾಯಿತು.

*

ಮೊದಮೊದಲು ಇಬ್ಬರೂ ಓಟಕ್ಕೆ ನಿಂತವರಂತೆ ದುಡಿದರು. ಅವನು ರಜಾದಿನಗಳಲ್ಲೂ ಕೈಚೀಲ ಹಿಡಿದು ಹೊರಟ. ಅವಳು ಮುರಿದ ಫ್ರೇಮುಗಳನ್ನು ಮನೆಗೇ ತಂದು ರಿಪೇರಿ ಮಾಡಿದಳು. ಬಸ್ಸಿನ ಬದಲು ನಡಿಗೆ, ಹೋಟೆಲಿನ ಬದಲು ಬುತ್ತಿ. ಈ ಜೋಡಿಯ ಒಳಗುಟ್ಟು ತಿಳಿಯದ ಅವಳ ಚಿಕ್ಕಮ್ಮ ಫೋನಿನಲ್ಲಿ ನಿಟ್ಟುಸಿರಿಡುತ್ತಿದ್ದಳು: "ಏನು ಒಗ್ಗಟ್ಟೇ ನಿಮ್ಮದು. ನಿಮ್ಮ ಚಿಕ್ಕಪ್ಪ ಸೋಫಾ ಕೊಂಡಿದ್ದೇ ನನಗೆ ಅದರ ಮೇಲೆ ಕೂತ್ಮೇಲೆ ಗೊತ್ತಾಯ್ತು."

ಚಳಿಗಾಲ ಬರುವಷ್ಟರಲ್ಲಿ ಅವಳು ಸೋತುಹೋದಳು. ಒಂದು ಸಂಜೆ ಒದ್ದೆ ಶೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದು, "ನನ್ನ ಕೈಲಾಗಲ್ಲ. ಈ ತಿಂಗಳು ಬರೀ ಕಂತು ಕಟ್ಟೋಣ," ಎಂದಳು.

ಅವನು ಅವಳ ಎದುರು ಚಹಾ ಇಟ್ಟ. "ಅಸಲು ಇಷ್ಟು ಕರಗಿದೆ, ನಾವು ಒಂದು ಸಲಾನೂ ಖುಷಿ ಪಟ್ಟಿಲ್ಲ. ಮೇಡಂ ಹೇಳಿರ್ಲಿಲ್ವಾ? ನಾಳೆ ಒಂದು ಕಡೆ ಕರ್ಕೊಂಡು ಹೋಗ್ತೀನಿ, ಬನ್ನಿ."

"ಹುರುಪಿಗೋಸ್ಕರ."

"ಹುರುಪಿಗೋಸ್ಕರಾನೇ. ಇನ್ಯಾಕೆ?"

ಮರುದಿನ ಅವನು ಅವಳನ್ನು ಊರಿನ ಅತಿ ಎತ್ತರದ ಕಟ್ಟಡದ ತುದಿಗೆ, ಲಿಫ್ಟಿನ ಯಂತ್ರಗಳಿರುವ ಕೋಣೆಗೆ ಕರೆದೊಯ್ದ. ದೊಡ್ಡ ಚಕ್ರ, ಅದನ್ನು ಬಳಸಿ ಕೆಳಗಿಳಿದ ಉಕ್ಕಿನ ಹಗ್ಗಗಳು, ಪುಟ್ಟ ಕಿಟಕಿ. ಕಿಟಕಿಯಲ್ಲಿ ಮುಳುಗುವ ಸೂರ್ಯ ಇಡೀ ಊರಿನ ಹೆಂಚುಗಳಿಗೆ ಬಣ್ಣ ಬಳಿಯುತ್ತಿದ್ದ. ಚಕ್ರ ಮೆಲ್ಲಗೆ ತಿರುಗತೊಡಗಿತು.

"ಕೆಳಗೆ ಯಾರೋ ಹತ್ತಿದ್ರು," ಎಂದ ಅವನು ಕಣ್ಣು ಮುಚ್ಚಿ. "ಒಬ್ಬರೇ. ಹಗೂರ ಇದ್ದಾರೆ."

"ಸದ್ದಲ್ಲೇ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ಕೇಳಿಸ್ಕೊಳ್ಳೋ ತಾಳ್ಮೆ ಇದ್ರೆ."

ಹೀಗೆ ಕಣ್ಣು ಮುಚ್ಚಿ ನಿಂತ ಅವನ ಮುಖವನ್ನು ಅವಳು ಎಷ್ಟೋ ಕಾಲದ ಮೇಲೆ ನಿಧಾನವಾಗಿ ನೋಡಿದಳು. ಹುಬ್ಬಿನ ಮೇಲೊಂದು ಗೆರೆ ಹೊಸದಾಗಿ ಮೂಡಿತ್ತು. ಅದು ಯಾವಾಗ ಬಂತೆಂಬುದು ತನಗೆ ಗೊತ್ತಿಲ್ಲವಲ್ಲ ಎಂದು ಸಂಕಟವಾಯಿತು. ಅಷ್ಟರಲ್ಲಿ ಅವನು ಕಣ್ಣು ತೆರೆದ. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಅವಳು ಕಿಟಕಿಗೆ ತಿರುಗಿದಳು. ಈಗ ನೋಡುವ ಸರದಿ ಅವನದು. ಬೆನ್ನಿಗೇ ಅದು ತಿಳಿಯುತ್ತಿತ್ತು.

"ಏನು ನೋಡ್ತಿದ್ದೀರಿ?"

"ಕೂದಲಿಗೆ ಗ್ರೀಸ್ ಮೆತ್ಕೊಂಡಿದೆ."

"ತೆಗೀರಿ ಮತ್ತೆ."

"ನನ್ನ ಕೈಯಲ್ಲಿ ಅದಕ್ಕಿಂತ ಜಾಸ್ತಿ ಇದೆ," ಎಂದು ಅವನು ಎರಡೂ ಅಂಗೈ ತೋರಿಸಿದ. ಅವಳು ನಕ್ಕಳು. ಆ ತಿಂಗಳು ಕಂತಿನ ಜೊತೆ ಮೇಲಿನ ಹಣವೂ ಹೋಯಿತು.

*

ಮುಂದಿನ ಸರದಿ ಅವಳದು. ಒಂದು ಮಧ್ಯಾಹ್ನ, ಅಂಗಡಿ ಅರ್ಧ ದಿನಕ್ಕೇ ಮುಚ್ಚಿದಾಗ, ಅವಳು ಅವನನ್ನು ಒಳಗೆ ಕರೆದು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು. ಸುತ್ತಲೂ ಕಪಾಟುಗಳಲ್ಲಿ ನೂರಾರು ಕನ್ನಡಕಗಳು ಬೆಳಕನ್ನು ಹಂಚಿಕೊಂಡು ಹೊಳೆಯುತ್ತಿದ್ದವು.

"ಇದರಲ್ಲಿ ಖುಷಿ ಯಾವುದು?" ಎಂದ ಅವನು.

"ಪುಕ್ಕಟೆ ಅನ್ನೋದು. ಕನ್ನಡಕ ತೆಗೀರಿ. ಎಷ್ಟು ಕಾಲದಿಂದ ಇದೇ ಗೀಚುಬಿದ್ದ ಗಾಜಲ್ಲಿ ಓಡಾಡ್ತಿದ್ದೀರಿ? ನೇರ ನೋಡಿ."

"ಎಲ್ಲಿ?"

"ನನ್ನ ಕಣ್ಣು ನೋಡಿ. ಎಲ್ಲರಿಗೂ ಹಾಗೇ ಹೇಳ್ತೀನಿ, ಬೇರೆ ಅರ್ಥ ಏನೂ ಬೇಡ."

ಅವನು ನೋಡಿದ. ಅವಳು ಅಳತೆಪಟ್ಟಿಯನ್ನು ಅವನ ಮೂಗಿನ ಮೇಲಿಟ್ಟು, ಒಂದು ಕಣ್ಣಿನ ಪಾಪೆಯಿಂದ ಇನ್ನೊಂದಕ್ಕೆ ಅಳೆದಳು. ಅಂಕಿ ಬರೆದುಕೊಳ್ಳುವಷ್ಟರಲ್ಲಿ ಮರೆತುಹೋಯಿತು. ಮತ್ತೆ ಅಳೆದಳು. ಕಂದು ಕಣ್ಣಿನೊಳಗೆ ತನ್ನದೇ ಪುಟ್ಟ ಮುಖ ಕಂಡು ಕೈ ಜಾರಿತು. ಮತ್ತೊಮ್ಮೆ ಅಳೆದಳು.

"ಅಷ್ಟು ಕಷ್ಟದ ಕಣ್ಣಾ ನಂದು?"

"ಸುಮ್ನಿರಿ. ರೆಪ್ಪೆ ಆಡಿಸ್ತಿದ್ದೀರಿ."

ಕನ್ನಡಕವಿಲ್ಲದ ಅವನಿಗೆ, ಅವಳು ಹಿಂದೆ ಸರಿದಾಗ, ಮುಖ ಮಸುಕಾಗಿ ಕಂಡಿರಬೇಕು. ಧೈರ್ಯ ಅದರಿಂದಲೇ ಬಂದಿತೋ ಏನೋ.

"ಆವತ್ತು ಹೋಗು ಅಂದ್ನಲ್ಲ," ಎಂದ. "ಬೇಡ ಅಂದಿದ್ರೆ ನೀನು ಉಳ್ಕೋತಿದ್ದೆ. ಆಮೇಲೆ ಯಾವತ್ತಾದ್ರೂ, ಇವನಿಂದ ನನ್ನ ದಾರಿ ನಿಂತೋಯ್ತು ಅಂತ ನಿನಗೆ ಅನ್ಸಿದ್ರೆ? ಅದಕ್ಕೆ ಹೆದರಿದೆ."

ಅವಳ ಕೈಯ ಪಟ್ಟಿ ಮೇಜಿಗೆ ಇಳಿಯಿತು. "ನೀನು ಬೇಡ ಅನ್ಲಿ ಅಂತ ನಾನು ಕಾದೆ. ನನ್ನ ಅವಶ್ಯಕತೆ ಇಲ್ಲ ಇವನಿಗೆ ಅನ್ಕೊಂಡೆ. ಕಣ್ಣೆತ್ತಿ ನೋಡ್ಬಾರದಿತ್ತಾ? ಸ್ಪಾನರ್ ಅಷ್ಟು ಕೊಳೆಯಾಗಿತ್ತಾ?"

"ಅದು ಆಗ್ಲೇ ಒರೆಸಿಟ್ಟಿದ್ದು. ನಿನ್ನ ಮುಖ ನೋಡಿದ್ರೆ ಬೇಡ ಅಂದ್ಬಿಡ್ತೀನಿ ಅಂತ ಮತ್ತೆ ಎತ್ಕೊಂಡೆ."

ಹೊರಗೆ ಯಾರೋ ಮುಚ್ಚಿದ ಬಾಗಿಲು ತಳ್ಳಿ ನೋಡಿ ಹೋದರು. ಅವಳು ಕಣ್ಣೊರೆಸಿಕೊಂಡು, ಅವನ ಮೂಗಿಗೆ ಪರೀಕ್ಷೆಯ ಫ್ರೇಮ್ ಏರಿಸಿ, ಗೋಡೆಯ ಅಕ್ಷರ ಓದಲು ಹೇಳಿದಳು. ಅವನು ತಪ್ಪಿಲ್ಲದೆ ಓದಿದ. ಬಹುವಚನ ಬಿಟ್ಟುಹೋಗಿದ್ದು ಇಬ್ಬರ ಗಮನಕ್ಕೂ ಬಂದದ್ದು ಮನೆಯ ಮೆಟ್ಟಿಲ ಮೇಲೆ. ಮರುದಿನ ಬೆಳಿಗ್ಗೆ ಅವಳು ತುಂಬ ಹುಷಾರಾಗಿ, "ಕಾಫಿ ತಗೊಳ್ಳಿ," ಎಂದಳು. ಅವನು ಅಷ್ಟೇ ಹುಷಾರಾಗಿ, "ಕೊಡಿ," ಎಂದ. ಇಬ್ಬರೂ ಲೋಟದೊಳಗೆ ನಕ್ಕರು.

ಆದರೂ ಒಪ್ಪಂದವನ್ನು ಯಾರೂ ಮುರಿಯಲಿಲ್ಲ. ಮುರಿಯುವ ಮಾತನ್ನು ಮೊದಲು ಯಾರು ಆಡಬೇಕು? ತಾನು ಹೇಳಿ, ಅವನು ಬರೀ ಸಂಕೋಚಕ್ಕೆ ಹೂಂ ಎಂದುಬಿಟ್ಟರೆ ಎಂಬ ದಿಗಿಲು ಅವಳಿಗೆ. ಸಾಲ ಕರಗುತ್ತಲೇ ಇತ್ತು. ಹುರುಪಿನ ನೆಪದಲ್ಲಿ ಅವರು ಕಾಲುವೆಯ ದಂಡೆಯಲ್ಲಿ ನಡೆದರು, ಲೈಬ್ರರಿಯ ಪುಸ್ತಕವನ್ನು ಸರದಿಯ ಮೇಲೆ ಜೋರಾಗಿ ಓದಿಕೊಂಡರು, ಒಂದೇ ಛತ್ರಿಯಲ್ಲಿ ಅರ್ಧರ್ಧ ನೆನೆದರು.

ಉಳಿದದ್ದು ಸ್ವಲ್ಪವೇ ಎಂದಾದ ಮೇಲೆ ಅವಳ ಕೈ ಯಾಕೋ ಹಿಂದೆ ಸರಿಯಿತು. ಮೇಲಿನ ಹಣದಲ್ಲಿ ಒಂದು ತಿಂಗಳು ಹಾಲ್‌ನ ಕಿಟಕಿಗೆ ತೆಳು ಹಳದಿ ಪರದೆ ಬಂತು. ಇನ್ನೊಂದು ತಿಂಗಳು ಬಾಲ್ಕನಿಗೆ ಹೂವಿನ ಕುಂಡಗಳು ಬಂದವು.

"ಈ ಸಲ ಸ್ವಲ್ಪ ಕಡಿಮೆ ಕಟ್ಟೋಣ," ಎನ್ನುತ್ತಿದ್ದಳು, ಅವನ ಕಡೆ ನೋಡದೆ.

"ಪರವಾಗಿಲ್ಲ. ಅವಸರ ಏನು?" ಎನ್ನುತ್ತಿದ್ದ ಅವನು. ಅವನೂ ರಜಾದಿನಗಳಲ್ಲಿ ಮನೆಯಲ್ಲೇ ಇರತೊಡಗಿದ್ದ. ಲಿಫ್ಟುಗಳು ಕೆಡುವುದನ್ನೇ ಬಿಟ್ಟಿವೆಯಂತೆ.

"ಏನೇ ಇದು, ಕುದುರೆ ಥರ ಓಡ್ತಿದ್ದೋರು ಈಗ ಆಮೆ ಆಗಿದ್ದೀರಿ?" ಎಂದಳು ಚಿಕ್ಕಮ್ಮ.

"ಸುಸ್ತು ಚಿಕ್ಕಮ್ಮ," ಎಂದಳು ಅವಳು, ಪರದೆ ಸರಿಪಡಿಸುತ್ತ. ಅದರ ಪಕ್ಕದಲ್ಲೇ ಅವನು ಕಾಲು ಚಾಚಿ ನಿದ್ದೆಹೋಗಿದ್ದ.

*

ಒಂದು ಶನಿವಾರ ಮಧ್ಯಾಹ್ನ ಅವನು ಬಂದವನೇ ಬಾಗಿಲಲ್ಲೇ ನಿಂತು ಹೇಳಿದ. "ಮುಗೀತು. ಕಂಪನಿಯಿಂದ ಬೋನಸ್ ಬಂತು. ಉಳಿದಿದ್ದೆಲ್ಲ ಕಟ್ಬಿಟ್ಟೆ."

ಅವಳ ಕೈಯಲ್ಲಿ ನೀರಿನ ಜಗ್ ಇತ್ತು. ಅದನ್ನು ಕುಂಡದ ಪಕ್ಕ ಇಟ್ಟಳು.

"ಒಳ್ಳೇದಾಯ್ತು," ಎಂದಳು, ಗಿರಾಕಿಗಳೊಂದಿಗೆ ಮಾತಾಡುವ ದನಿಯಲ್ಲಿ. ಮೆಟ್ಟಿಲಿಳಿದು ಹೊರಟಳು. ಎಲ್ಲಿಗೆಂದು ಅವಳಿಗೇ ಗೊತ್ತಿರಲಿಲ್ಲ. ಕಾಲು ತಾನಾಗಿ ಕಾಲುವೆಯ ದಂಡೆಗೆ ತಂದಿತು. ತಾನು ಹೂವಿನ ಕುಂಡ ತಂದು ದಿನ ದೂಡುತ್ತಿದ್ದರೆ ಅವನು ಒಂದೇ ಏಟಿಗೆ ಬಾಗಿಲು ತೆರೆದಿಟ್ಟಿದ್ದ. ಅಷ್ಟು ಅವಸರವಿತ್ತೇ? ನೀರಿನ ಮೇಲೆ ಬಿಸಿಲು ಚೂರುಚೂರಾಗಿ ತೇಲುತ್ತಿತ್ತು. ಕಣ್ಣು ತುಂಬಿ ಅದೂ ಕಾಣದಾಯಿತು.

ಅವನು ಏದುಸಿರು ಬಿಡುತ್ತ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಹೊಸ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?" ಎಂದಳು.

"ಕೇಳೋಕೆ ಅಂತಾನೇ ಕಟ್ಟಿದ್ದು."

"ಅರ್ಥ ಆಗೋ ಹಾಗೆ ಹೇಳು."

"ಎರಡು ತಿಂಗಳಿಂದ ಓವರ್‌ಟೈಮ್ ಬೇಡ ಅಂತ ಸುಳ್ಳು ಸುಳ್ಳು ನೆಪ ಹೇಳ್ತಿದ್ದೀನಿ, ಸಾಲ ಬೇಗ ಮುಗೀಬಾರದು ಅಂತ. ಬೆನ್ನುನೋವು ಅಂತಾನೂ ಅಂದೆ. ಮೇಸ್ತ್ರಿ ಒಂದು ಮುಲಾಮು ತಂದುಕೊಟ್ರು." ಅವನು ಕನ್ನಡಕ ಮೇಲೆ ತಳ್ಳಿದ. "ಆದ್ರೆ ಬೋನಸ್ ಕೈಗೆ ಬಂದಾಗ ನಾಚಿಕೆ ಆಯ್ತು. ಸಾಲ ಇದೆ ಅಂತ ನೀನು ಇದ್ದೀಯ. ಅದೇ ಹಗ್ಗ ಹಿಡ್ಕೊಂಡು ನಿನ್ನನ್ನ ಕಟ್ಟಿಹಾಕ್ತಿದ್ದೀನಿ ಅನ್ನಿಸ್ತು. ಮೊದ್ಲು ಹಗ್ಗ ಬಿಚ್ಚೋಣ, ಆಮೇಲೆ ಕೇಳೋಣ ಅಂತ ಕಟ್ಟಿದೆ."

"ಆ ಪರದೆ ಯಾಕೆ ತಂದೆ ಅನ್ಕೊಂಡೆ ನೀನು?"

"ಬಿಸಿಲಿಗೆ."

"ನಮ್ಮ ಹಾಲ್‌ಗೆ ಬಿಸಿಲೇ ಬರಲ್ಲ."

ಅವನು ಅವಳನ್ನು ನೋಡಿದ. ಅವಳೂ ನೋಡಿದಳು. ಅಳತೆಪಟ್ಟಿಯಿಲ್ಲ, ಕಿಟಕಿಯಿಲ್ಲ, ತಿರುಗಿಕೊಳ್ಳಲು ಒಂದು ನೆಪವಿಲ್ಲ. ಅವನ ಕಣ್ಣಂಚಿನಲ್ಲಿ ನಗು ಮೊದಲು ಒಂದು ಕಡೆ ಮೂಡಿ, ಆಮೇಲೆ ಇನ್ನೊಂದು ಕಡೆಗೆ ಹರಡುವುದನ್ನು ಅವಳು ಕಂಡಳು.

"ಕೇಳು ಮತ್ತೆ," ಎಂದಳು. "ಅಷ್ಟೆಲ್ಲ ದುಡ್ಡು ಸುರಿದು ಬಂದಿದ್ದೀಯ."

"ನನ್ನ ಜೊತೆ ಇರ್ತೀಯಾ? ಮುಂದೆ ಎಲ್ಲಿಂದಾದ್ರೂ ಕೆಲಸಕ್ಕೆ ಕರೆದ್ರೆ ನಾನೂ ಬರ್ತೀನಿ. ಲಿಫ್ಟು ಎಲ್ಲಾ ಊರಲ್ಲೂ ಕೆಡುತ್ತೆ."

"ಇರ್ತೀನಿ," ಎಂದಳು. ಇನ್ನೂ ಏನೇನೋ ಹೇಳಬೇಕೆಂದಿದ್ದಳು. ಬೆಂಚಿನ ನಡುವಿನ ಜಾಗ ಅದಾಗಲೇ ಇಲ್ಲವಾಗಿತ್ತು, ಅವನ ಭುಜಕ್ಕೆ ಹಣೆ ತಾಗಿತ್ತು, ಮಿಕ್ಕ ಮಾತು ಅಲ್ಲೇ ಕರಗಿಹೋಯಿತು.

ಮರುದಿನ ಬೆಳಿಗ್ಗೆ ಚಿಕ್ಕ ರೂಮಿನಿಂದ ಅವಳ ಮಂಚವನ್ನು ಹೊರತರಲು ಇಬ್ಬರೂ ಮುಂದಾದರು. ಭಾರದ ವಸ್ತು ಸಾಗಿಸುವುದೆಲ್ಲ ತನಗೆ ಬಿಟ್ಟುಬಿಡು ಎಂದ ಮೆಕ್ಯಾನಿಕ್ ಎತ್ತಿದ, ಓರೆ ಮಾಡಿದ, ತಿರುಗಿಸಿದ. ಮಂಚ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಆ ಕಡೆಗೂ ಬಾರದು, ಈ ಕಡೆಗೂ ಬಾರದು. ಒಳಗೆ ಅವಳು, ಹೊರಗೆ ಅವನು.

"ಬಿಚ್ಚೋಣ ಅಂದ್ರೆ ಸ್ಪಾನರ್ ನಿನ್ನ ಕಡೆ ಉಳೀತು," ಎಂದ ಅವನು.

"ಇರ್ಲಿ. ಮೊದ್ಲು ಕಾಫಿ ಮಾಡ್ಕೊಂಡು ಬಾ," ಎಂದಳು ಅವಳು. ಅವನು ತಂದ ಲೋಟವನ್ನು ಮಂಚದ ಕಾಲುಗಳ ಸಂದಿಯಿಂದ ಈಸಿಕೊಂಡು, ನೆಲದ ಮೇಲೆ ಅವನಿಗೆ ಎದುರಾಗಿ ಕೂತಳು. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.