ಮೂಗಿಗೆ ಕಟ್ಟಿದ ಕರವಸ್ತ್ರ

"ಮೂಗು ಬಿಟ್ಟು ಮಾತಾಡ್ರಿ ಮೇಡಂ, ಏನಂತೀರಿ ತಿಳಿವಲ್ದು."

ಬೀರೇಶ ನಕ್ಕ. ಅನುರಾಧಾ ಕರವಸ್ತ್ರವನ್ನು ಇನ್ನಷ್ಟು ಬಿಗಿದಳು. ವನದುರ್ಗದ ಆ ತಗಡಿನ ಶೆಡ್ಡಿನಲ್ಲಿ ಬೇಯಿಸಿದ ಕತ್ತಾಳೆ ಗಡ್ಡೆ ಹುಳಿತು ನಾರುತ್ತಿತ್ತು. ನೊಣ ಮುತ್ತಿದ್ದವು. ಅವಳ ಅಪ್ಪ ಕುಡಿದು ಬಾಗಿಲಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದ ದಿನಗಳ ವಾಸನೆಯೇ ಇದು.

ಥೂ... ಸಾರಾಯಿ ಇಳಿಸುವವನಿಗೆ ನಗು ಬೇರೆ ಕೇಡು!

ಅವಳು ಬಂದದ್ದು ಯಾದಗಿರಿಯ ಲ್ಯಾಬಿನಿಂದ. ಮಣ್ಣಿನ ಗುರುತು ಗಿಡಕ್ಕೆ ಇಳಿಯುತ್ತದೆ, ಗಿಡದ್ದು ಸಾರಾಯಿಗೆ. ಮೂರೂ ತಾಳೆಯಾದರೆ ಮಾತ್ರ ಬಾಟಲಿಯ ಮೇಲೆ 'ಶಹಾಪುರ ಗುಡ್ಡದ ಕತ್ತಾಳೆ' ಎಂದು ಬರೆಯಬಹುದು. ಇಲ್ಲದಿದ್ದರೆ ಬೀರೇಶನ ಶೆಡ್ಡಿಗೆ ಬೀಗ.

ಗಡ್ಡೆ, ಸಾರಾಯಿಯ ಮಾದರಿ ತೆಗೆದುಕೊಂಡು ಅವಳು ಕತ್ತಾಳೆ ಬೇಲಿಯ ಹತ್ತಿರ ಮಣ್ಣು ಮೆತ್ತಗಿದ್ದ ಕಡೆ ಅಗೆಯಲು ಕೂತಳು.

"ಅಲ್ಲಿ ಬ್ಯಾಡ್ರಿ ಮೇಡಂ, ಅಲ್ಲಿ..."

"ನನ್ನ ಕೆಲಸ ನನಗ ಗೊತ್ತೈತಿ."

ಅವನು ಒಲೆಯ ಕಡೆ ಹೋದ. ಹೊರಡುವಾಗ ಅವಳ ಕೈಗೊಂದು ಲಿಂಬೆಹಣ್ಣು ಕೊಟ್ಟ. "ಮೂಸ್ಕೋತ ಹೋಗ್ರಿ, ಹೊಟ್ಟಿ ತೊಳಸೂದು ಕಡಿಮಿ ಆಗ್ತೈತಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೂಸಿದಳು. ಮುಂದಿನ ಎರಡು ಭೇಟಿಯಲ್ಲೂ ಅವಳ ಕುರ್ಚಿ ವಾಸನೆ ಬರದ ಕಡೆಗಿತ್ತು, ಅದರ ಮೇಲೊಂದು ಲಿಂಬೆಹಣ್ಣು. ಹೋಗಿ ಹೋಗಿ ಇಂಥವನ ದಾರಿ ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮನಸ್ಸಿನ ಮೇಲೇ ಅಸಹ್ಯವಾಗುತ್ತಿತ್ತು.

ಫಲಿತಾಂಶ ಬಂತು. ಗಡ್ಡೆಗೂ ಸಾರಾಯಿಗೂ ಹೊಂದಿತ್ತು. ಮಣ್ಣು ಮಾತ್ರ ಹೊಂದಿರಲಿಲ್ಲ.

ಅಂದರೆ ಗಡ್ಡೆ ಬೇರೆ ಊರಿನದು! ಲಿಂಬೆಹಣ್ಣು ಕೊಟ್ಟು ಕಣ್ಣಿಗೆ ಮಣ್ಣೆರಚಿದ.

ಮರುದಿನವೇ ಅವನೆದುರು ಹೋಗಿ ನಿಂತಳು, ಕರವಸ್ತ್ರ ಕಟ್ಟಿಕೊಂಡೇ. "ನಿಮ್ಮ ಸಾರಾಯಿಗಿಂತ ನಿಮ್ಮ ಸುಳ್ಳೇ ಹೇಸಿಕಿ ಐತಿ."

ಬೀರೇಶನ ಮುಖ ಕಪ್ಪಿಟ್ಟಿತು. "ಹಂಗ ಬರೀರಿ ಮತ್ತ. ನಾ ಹೇಳಿದ್ರ ನೀವು ಯಾವಾಗ ಕೇಳೀರಿ?"

ಗಡ್ಡೆ ಕೊಚ್ಚುತ್ತಿದ್ದ ಅವನ ತಾಯಿ ಮಲಕಮ್ಮ ತಲೆಯೆತ್ತಿದಳು. "ಮಣ್ಣು ಎಲ್ಲಿಂದ ಒಯ್ದಿದ್ದೆವ್ವಾ?"

ಅನುರಾಧಾ ಬೇಲಿಯ ಕಡೆ ಕೈ ತೋರಿಸಿದಳು.

"ಅಯ್ಯ, ನಾಕು ವರ್ಷ ರಾತ್ರಿ ನಮ್ಮ ಕುರಿ ಕೂಡಿ ಹಾಕಿದ್ದು ಅಲ್ಲೇ. ಗಡ್ಡಿ ಕಡದಿದ್ದು ಗುಡ್ಡದ ಮ್ಯಾಲ. ಅದು ಮಣ್ಣಲ್ಲ ತಂಗಿ, ಬರೇ ಕುರಿ ಹಿಕ್ಕಿ."

ಅನುರಾಧಾ ಬೇಲಿಗೆ ಹೋದಳು. ಕರವಸ್ತ್ರ ಬಿಚ್ಚಿ, ಒಂದು ಹಿಡಿ ಮಣ್ಣು ಮೂಗಿಗೆ ಹಿಡಿದಳು. ಕುರಿ ಗಂಜಲದ ಘಾಟು! ಅಂದು ಮೂಗು ಕಟ್ಟಿಕೊಳ್ಳದಿದ್ದರೆ ಅಂದೇ ತಿಳಿಯುತ್ತಿತ್ತು. ವಾಸನೆಗೆ ಹೇಸಿ, ಓಡುವ ಅವಸರದಲ್ಲಿ ಒಬ್ಬ ಪ್ರಾಮಾಣಿಕನನ್ನು ಕಳ್ಳ ಮಾಡಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು...

ಅಂದೇ ಗುಡ್ಡ ಹತ್ತಿ ಹೊಸ ಮಣ್ಣು ಒಯ್ದಳು. ಮೂರೂ ಹೊಂದಿದವು.

ವರದಿ ಕೊಡಲು ಬಂದವಳ ಮೂಗಿನ ಮೇಲೆ ಕರವಸ್ತ್ರವಿರಲಿಲ್ಲ.

"ತಪ್ಪಾತ್ರಿ," ಅಂದಳು. "ವರದಿ ಟಪಾಲದಾಗ ಕಳಿಸಬಹುದಿತ್ತು. ನಿಮ್ಮನ್ನ ನೋಡಬೇಕನಿಸ್ತು... ದಿನಾ ಅನಸ್ತೈತಿ."

ಅವನು ವರದಿ ಮಡಚಿ ಕಿಸೆಗಿಟ್ಟ. ಆಮೇಲೆ ತನ್ನ ಅಂಗಿ ಮೂಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ನನಗೂ ಅನಸ್ತೈತ್ರಿ. ಆದ್ರ ಈ ವಾಸನಿ ನಿಮಗ ಹೇಸಿಕಿ ಅಲ್ಲೇನು?"

"ಹೇಸಿಕಿನ ಐತಿ," ಅಂದಳು ಅನುರಾಧಾ, ಕಣ್ಣು ತುಂಬಿಕೊಂಡು. "ದೂರ ಸರಿಬ್ಯಾಡ್ರಿ."