ಮೂವತ್ತೇಳನೇ ಸ್ಲೈಡು

ಆರನೇ ಖಾನೆಯಲ್ಲಿ ನೂರ ಹನ್ನೆರಡನೇ ಬ್ಲಾಕ್ ಇರಲಿಲ್ಲ.

ಮೇಣದಕ್ಕ ಖಾನೆಯನ್ನು ಪೂರ್ತಿ ಹೊರಗೆಳೆದು ಮೇಜಿನ ಮೇಲೆ ಬೋರಲು ಹಾಕಿದಳು. ನೂರ ಹನ್ನೊಂದು ಇತ್ತು. ನೂರ ಹದಿಮೂರು ಇತ್ತು. ನಡುವಿನದು ಮಾತ್ರ ಮಾಯ. ಅವಳು ಆ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗದ ಟೆಕ್ನಿಶಿಯನ್. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೇಣದ ಬ್ಲಾಕಿನಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುವುದು ಅವಳ ಇಪ್ಪತ್ತಾರು ವರ್ಷದ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಇದುವರೆಗೆ ಒಂದು ಬ್ಲಾಕೂ ಕಳೆದದ್ದಿಲ್ಲ.

“ಮೇಡಂ, ಸ್ವಲ್ಪ ಈ ಕಡೆ ಬನ್ನಿ,” ಅಂದಳು.

ಬಂದ ಅಧ್ಯಾಪಕಿಯನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಕರೆಯುವುದು ಕೀವರ್ಡ್ ಮೇಡಂ ಎಂದು. ‘ಕಥೆ ಬೇಡ, ಮೊದಲು ಕೀವರ್ಡ್ ಹೇಳು’ ಎಂಬುದು ಹತ್ತೊಂಬತ್ತು ವರ್ಷಗಳಿಂದ ಅವಳ ಪಾಠದ ಪಲ್ಲವಿ. ಜಾಯಿಕಾಯಿಯಂಥ ಯಕೃತ್ತು, ಸಾಬುದಾನಿಯಂಥ ಗುಲ್ಮ ಎಂದು ಬರೆಸುವಾಗ ಹಿಂದಿನ ಬೆಂಚಿನಿಂದ ಯಾರಾದರೂ, “ಈ ಪುಸ್ತಕ ಬರೆದೋರಿಗೆ ಹಸಿವಾಗಿತ್ತಾ ಮೇಡಂ?” ಎಂದು ಕೇಳುತ್ತಾರೆ. ಪ್ರತಿ ವರ್ಷವೂ ಒಬ್ಬರು ಕೇಳುತ್ತಾರೆ. ಪ್ರತಿ ವರ್ಷವೂ ಅವಳು ನಗುತ್ತಾಳೆ. ಒಂಟಿ ಮನೆಗೆ ಹೋಗಿ ಬೀಗ ತೆಗೆದ ಮೇಲೆ, ಆ ದಿನ ಯಾರೊಡನೆ ನಕ್ಕೆ ಎಂದು ನೆನೆಸಿಕೊಂಡರೆ ಸಿಗುವುದು ಅಷ್ಟೇ.

“ಸ್ಲೈಡ್ ಇದೆಯಾ?”

“ಸ್ಲೈಡ್ ಜಾಗದಲ್ಲೇ ಇದೆ. ಬ್ಲಾಕ್ ಇಲ್ಲ. ಮೂರು ಗಂಟೆಗೆ ವಿಚಾರಣೆ ಮೇಡಂ. ಏನ್ ಮಾಡ್ಲಿ ನಾನು?”

ನೂರ ಹನ್ನೆರಡು ಒಬ್ಬ ದರ್ಜಿ ಹೆಂಗಸಿನದು. ಎರಡು ತಿಂಗಳ ಹಿಂದೆ ಎದೆಯಲ್ಲಿ ಗಂಟೆಂದು ಬಂದಿದ್ದಳು. ಗಂಟು ತೆಗೆದು ನೋಡಿ ಕ್ಯಾನ್ಸರ್ ಎಂದು ವರದಿ ಕೊಟ್ಟರು. ಎಡ ಸ್ತನವನ್ನೇ ತೆಗೆದರು. ತೆಗೆದ ಸ್ತನದಲ್ಲಿ ಕ್ಯಾನ್ಸರಿನ ಸುಳಿವೇ ಸಿಗಲಿಲ್ಲ. ಗಂಟಿನ ಜೊತೆಗೇ ಪೂರ್ತಿ ಹೋಗಿರಬೇಕು ಎಂದರು. ನಾಳೆಯಿಂದ ಕೀಮೋ ಶುರು. ಆದರೆ ಬೇರೊಂದು ಆಸ್ಪತ್ರೆಯ ವೈದ್ಯೆಗೆ ಅನುಮಾನ ಬಂದಿತ್ತು. ಮೊದಲ ಸ್ಲೈಡನ್ನೂ ಬ್ಲಾಕನ್ನೂ ತಾನು ನೋಡಬೇಕೆಂದು ಹತ್ತು ದಿನದ ಹಿಂದೆ ಪತ್ರ ಬರೆದಿದ್ದಳು. ಆ ಗಂಟು ಕ್ಯಾನ್ಸರೋ ಅಲ್ಲವೋ? ಮೂರು ಗಂಟೆಗೆ ತೀರ್ಮಾನವಾಗಬೇಕಿದ್ದದ್ದು ಅದು.

* * *

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ನಿವೃತ್ತಿಗೆ ಮೂರು ತಿಂಗಳಿತ್ತು. ಸುದ್ದಿ ಕೇಳಿ ಕನ್ನಡಕ ತೆಗೆದು ಒರೆಸಿದರು.

“ಸ್ಲೈಡ್ ಇದೆಯಲ್ಲ, ಸಾಕು. ನಿಚ್ಚಳವಾಗಿ ಕ್ಯಾನ್ಸರ್. ಬ್ಲಾಕ್ ಕಳೆದದ್ದು ಟೆಕ್ನಿಶಿಯನ್ ತಪ್ಪು. ಸಸ್ಪೆಂಡ್ ಮಾಡೋಕೆ ಪ್ರಿನ್ಸಿಪಾಲರಿಗೆ ಬರೀತೀನಿ.”

“ನಾನೊಂದ್ಸಲ ಸ್ಲೈಡ್ ನೋಡ್ಲಾ ಸರ್?”

“ನೀನು ನೋಡೋದೇನೂ ಬೇಡಮ್ಮ.”

ಮೇಡಂಗೆ ಚುರುಕ್ಕೆಂದಿತು. ಸ್ಲೈಡ್ ನೋಡುವುದನ್ನು ಅವಳಿಗೆ ಕಲಿಸಿದ್ದೇ ಅವರು. ಕಳೆದ ಒಂದು ವರ್ಷದಿಂದಂತೂ ಕಷ್ಟದ ಸ್ಲೈಡ್ ಬಂದಾಗಲೆಲ್ಲ ಕರೆಸುತ್ತಿದ್ದರು. “ನೀನೂ ಒಂದ್ಸಲ ನೋಡಮ್ಮ” ಎನ್ನುತ್ತಿದ್ದರು. ಆ ಮಾತಿಗಾಗಿ ಅವಳು ಬೆಳಗ್ಗೆ ಬೇಗ ಬರುತ್ತಿದ್ದಳು. ಒಳ್ಳೆ ಸೀರೆ ಉಟ್ಟು ಬರುತ್ತಿದ್ದಳು. ಲೋಕದಲ್ಲಿ ತನ್ನ ಕಣ್ಣಿಗೆ ಬೆಲೆ ಕೊಡುವ ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡಿದ್ದಳು.

ಹೊರಗೆ ಬಂದಾಗ ಮೇಣದಕ್ಕ ಕೈ ತೊಳೆಯುತ್ತಾ ನಿಂತಿದ್ದಳು. ಆಗಲೇ ತೊಳೆದ ಕೈ.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಾನು ಎಮ್ಮೆ ಮೇಡಂ, ಸಿಕ್ಕಿದೀನಲ್ಲ. ಬೇರೆ ರೋಗಿ ಜೊತೆ ಅದಲು ಬದಲು ಮಾಡಿದೀನಿ ಅಂತಾನೂ ಹೇಳ್ತಾರೆ, ನೋಡ್ತಿರಿ.”

“ರಿಜಿಸ್ಟರ್ ಕೊಡಿ ಅಕ್ಕ.”

ನೂರ ಹನ್ನೆರಡು ಬಂದ ದಿನ ದಾಖಲಾದದ್ದು ಮೂರೇ ಮೂರು. ಒಂದು ಅಪೆಂಡಿಕ್ಸ್. ಒಂದು ಪಿತ್ತಕೋಶ. ಒಂದು ದರ್ಜಿ ಹೆಂಗಸಿನ ಗಂಟು. ಆ ವಾರವಿಡೀ ಬೇರೆ ಯಾರದ್ದೂ ಸ್ತನದ ಕ್ಯಾನ್ಸರ್ ಬಂದಿರಲಿಲ್ಲ. ಇಲ್ಲದ ಕ್ಯಾನ್ಸರನ್ನು ಯಾರೂ ಅದಲು ಬದಲು ಮಾಡಲಾರರು.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಾಜರಿ ಪುಸ್ತಕದಲ್ಲಿ, ಆ ಗಂಟಿನ ವರದಿ ಬರೆದ ದಿನ, ಮೇಡಂ ಹೆಸರಿನ ಮುಂದೆ ರಜೆ ಎಂದಿತ್ತು. ಜ್ವರ ಬಂದು ಮಲಗಿದ್ದಳು. ಸಂಜೆಯವರೆಗೆ ಫೋನು ಒಂದು ಸಲವೂ ಹೊಡೆದುಕೊಂಡಿರಲಿಲ್ಲ. ಅದಕ್ಕೇ ಆ ದಿನ ಚೆನ್ನಾಗಿ ನೆನಪಿತ್ತು.

* * *

ದರ್ಜಿ ಹೆಂಗಸು ಬೆಳಗಿನಿಂದಲೇ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಎಡಗೈಯನ್ನು ಮಡಿಲಲ್ಲಿ, ಬೇರೆ ಯಾರದ್ದೋ ಸಾಮಾನಿನ ಹಾಗೆ ಇಟ್ಟುಕೊಂಡಿದ್ದಳು.

“ಮೂರು ಗಂಟೆಗಲ್ವಾ ಕರೆದಿರೋದು?” ಮೇಡಂ ಪಕ್ಕದಲ್ಲಿ ಕೂತಳು.

“ಮನೇಲಿ ಕೂತ್ಕೊಂಡ್ರೂ ಇದೇ ಯೋಚ್ನೆ. ಇಲ್ಲಾದ್ರೆ ಜನ ಓಡಾಡ್ತಾರೆ.”

ಈ ಮಾತು ತನ್ನದೇ ಬಾಯಿಂದ ಬಂದ ಹಾಗೆ ಮೇಡಂಗೆ ಅನ್ನಿಸಿತು.

“ಗಂಟು ಕಾಣೋ ಮುಂಚೆ ಎದೆಗೆ ಪೆಟ್ಟೇನಾದ್ರೂ ಬಿದ್ದಿತ್ತಾ?”

“ಬಿದ್ದಿತ್ತು. ಅಟ್ಟದಿಂದ ಬಟ್ಟೆ ಥಾನು ಇಳಿಸ್ತಿದ್ದೆ, ಜಾರಿ ಎದೆ ಮೇಲೇ ಬಿತ್ತು. ತಿಂಗಳುಗಟ್ಟಲೆ ಕಪ್ಪಗಿತ್ತು. ಡಾಕ್ಟ್ರಿಗೂ ಹೇಳ್ದೆ. ಕ್ಯಾನ್ಸರಿಗೂ ಥಾನಿಗೂ ಏನಮ್ಮ ಸಂಬಂಧ ಅಂದ್ರು.”

ಕ್ಯಾನ್ಸರಿಗೆ ಸಂಬಂಧವಿಲ್ಲ, ನಿಜ. ಆದರೆ ಪೆಟ್ಟು ಬಿದ್ದಲ್ಲಿ ಕೊಬ್ಬು ಸತ್ತು, ಕಲ್ಲಿನಂತೆ ಗಟ್ಟಿಯಾಗಿ, ಥೇಟ್ ಕ್ಯಾನ್ಸರಿನ ವೇಷ ಹಾಕುವುದುಂಟು. ಫ್ಯಾಟ್ ನೆಕ್ರೋಸಿಸ್. ಕೇಡಿಲ್ಲದ ಗಂಟು. ಎರಡನೇ ವರ್ಷದ ವಿದ್ಯಾರ್ಥಿಯೂ ಇದರ ಕೀವರ್ಡನ್ನು ನಿದ್ದೆಗಣ್ಣಿನಲ್ಲಿ ಹೇಳುತ್ತಾನೆ: ಪೆಟ್ಟಿನ ಇತಿಹಾಸ.

* * *

ದೊಡ್ಡ ಸರ್ ನಿವೃತ್ತರಾದ ಮೇಲೆ ಮುಖ್ಯಸ್ಥರ ಕುರ್ಚಿ ವಿಭಾಗದ ಇನ್ನೊಬ್ಬ ಅಧ್ಯಾಪಕರಾದ ಎರಡನೇ ಸರ್‌ಗೆ ಬರುವುದಿತ್ತು. ಹಿಂದಿನ ಸಂಜೆ ಅವರು ಬ್ಲಾಕು, ಸ್ಲೈಡುಗಳ ಬೀರು ತೆರೆದದ್ದನ್ನು ಮೇಣದಕ್ಕ ನೋಡಿದ್ದಳು.

“ನಾನು ಕದ್ದಿಲ್ಲ,” ಅಂದರು ಅವರು, ಮೇಡಂ ಕೇಳುವ ಮೊದಲೇ.

“ಕದ್ರಿ ಅಂತ ನಾನೆಲ್ಲಿ ಅಂದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲ್ಯಾಕೆ ಮುಟ್ಕೋತೀರಾ?”

“ನೋಡೋಕೆ ಹೋಗಿದ್ದೆ. ದೊಡ್ಡ ಸರ್ ತಪ್ಪು ಮಾಡಿದಾರಾ ಅಂತ. ತಪ್ಪು ಸಿಕ್ರೆ ನಂಗೆ ಒಳ್ಳೇದು, ಮುಚ್ಚುಮರೆ ಯಾಕೆ. ಆದ್ರೆ ಆಗ ಬ್ಲಾಕೂ ಇರ್ಲಿಲ್ಲ, ಸ್ಲೈಡೂ ಇರ್ಲಿಲ್ಲ. ಯಾಕೆ ಹೋಗಿದ್ದೆ ಅಂತ ಕೇಳ್ತಾರಲ್ಲ, ಅದಕ್ಕೇ ಬಾಯಿ ಬಿಡ್ಲಿಲ್ಲ.”

ಸಂಜೆ ಇಲ್ಲದ ಸ್ಲೈಡು ಬೆಳಗ್ಗೆ ಬಂದು ಕೂತಿತ್ತು.

ದೊಡ್ಡ ಸರ್ ಊಟಕ್ಕೆ ಹೋದ ಹೊತ್ತಿನಲ್ಲಿ ಮೇಡಂ ನೂರ ಹನ್ನೆರಡನೇ ಸ್ಲೈಡನ್ನು ತನ್ನ ಮೈಕ್ರೊಸ್ಕೋಪಿನಡಿ ಇಟ್ಟಳು. ಮೇಲಿನ ಚೀಟಿಯ ಬರಹ ಮೇಣದಕ್ಕನದೇ. ಒಳಗೆ ಕ್ಯಾನ್ಸರ್, ಅದರಲ್ಲಿ ಅನುಮಾನವಿಲ್ಲ. ಆದರೆ ಅವಳ ಕೈ ತಾನಾಗಿ ಸ್ಲೈಡನ್ನು ಬಲಕ್ಕೆ ಸರಿಸಿತು. ಮೂರು ಕವಲಿನ ರಕ್ತನಾಳ. ಅಲ್ಲಿಂದ ಸ್ವಲ್ಪ ಕೆಳಗೆ, ಉಂಗುರದ ಹಾಗೆ ಕ್ಯಾನ್ಸರ್ ಸುತ್ತಿಕೊಂಡ ನರ. ಮುಂದೆ ಏನು ಬರುತ್ತದೆಂದು ನೋಡುವ ಮೊದಲೇ ಗೊತ್ತಿತ್ತು. ಬಂತು. ದಿನಾ ಓಡಾಡುವ ಬೀದಿಯ ಹಾಗೆ ಬಂತು.

ಅವಳು ಹುಡುಗರಿಗೆ ತೋರಿಸುವ ತರಗತಿಯ ಪೆಟ್ಟಿಗೆಯಿಂದ ಮೂವತ್ತೇಳನೇ ಸ್ಲೈಡನ್ನು ತಂದು ನೋಡಿದಳು. ಅದೇ ನಾಳ. ಅದೇ ನರ.

ಆಮೇಲೆ ದೊಡ್ಡ ಸರ್ ಕೋಣೆಯ ಕಪಾಟು ತೆರೆದಳು. ಅಲ್ಲಿ ಅವರ ಪಾಲಿನ, ಅಂಥದ್ದೇ ಪಾಠದ ಪೆಟ್ಟಿಗೆಯಿತ್ತು. ಮೂವತ್ತಾರರ ನಂತರ ಒಂದು ಸೀಳು ಖಾಲಿ. ಅವಳು ಅವರದೇ ಕುರ್ಚಿಯಲ್ಲಿ ಕೂತುಬಿಟ್ಟಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ನಾಳೆ ಬೆಳಗ್ಗೆ ಅವರು ಮತ್ತೆ “ನೋಡಮ್ಮ” ಎಂದು ಕರೆಯಬಹುದು. ನಾಳೆ ಬೆಳಗ್ಗೆ ಆ ಹೆಂಗಸಿನ ನರಕ್ಕೆ ಸೂಜಿ ಚುಚ್ಚುತ್ತಾರೆ.

* * *

ಮೂರು ಗಂಟೆಗೆ ಪ್ರಿನ್ಸಿಪಾಲರ ಕೋಣೆಯ ಉದ್ದ ಮೇಜಿನ ಮೇಲೆ ಎರಡು ಮೈಕ್ರೊಸ್ಕೋಪುಗಳಿದ್ದವು. ಅವನ್ನು ಇಟ್ಟವಳು ಮೇಡಂ. ಮೇಜಿನ ಸುತ್ತ ದೊಡ್ಡ ಸರ್, ಎರಡನೇ ಸರ್, ಪತ್ರ ಬರೆದ ಹೊರಗಿನ ವೈದ್ಯೆ. ಬಾಗಿಲ ಬಳಿ ಮೇಣದಕ್ಕ ಮತ್ತು ದರ್ಜಿ ಹೆಂಗಸು.

“ಎಡಗಡೆ ಇರೋದು ನೂರ ಹನ್ನೆರಡು,” ಅಂದಳು ಮೇಡಂ. “ಬಲಗಡೆಯದ್ದು ನಾವು ಹುಡುಗರಿಗೆ ಪಾಠ ಮಾಡೋ ಸ್ಲೈಡು. ಎರಡನ್ನೂ ನೋಡಿ.”

ಹೊರಗಿನ ವೈದ್ಯೆ ನೋಡಿದಳು. ಎಡ, ಬಲ, ಮತ್ತೆ ಎಡ.

“ಎರಡೂ ಒಂದೇ ಗಂಟು.”

“ಹೌದು. ಪಾಠದ ಸ್ಲೈಡುಗಳನ್ನ ಒಂದೇ ಬ್ಲಾಕಿಂದ ಸಾಲಾಗಿ ಕೊಯ್ತಾರೆ. ಅರವತ್ತು ಪೆಟ್ಟಿಗೇಲೂ ಒಂದೇ ಮುಖ. ಒಂಬತ್ತು ವರ್ಷದ ಹಿಂದೆ ಅಕ್ಕನೇ ಕೊಯ್ದದ್ದು. ಎರಡು ತಿಂಗಳ ಹಿಂದೆ ಬಂದ ಗಂಟಲ್ಲಿ ಈ ಮುಖ ಹೇಗೆ ಬಂತು? ಯಾರೋ ನಿಜವಾದ ಸ್ಲೈಡ್ ತೆಗೆದು, ಅದರ ಚೀಟೀನ ಇದಕ್ಕೆ ಅಂಟಿಸಿದಾರೆ. ಬ್ಲಾಕ್ ಇದ್ರೆ ಮತ್ತೆ ಕೊಯ್ದು ನೋಡ್ಬಹುದಿತ್ತು. ಅದಕ್ಕೇ ಬ್ಲಾಕೂ ಹೋಯ್ತು.”

“ಯಾರು?” ಪ್ರಿನ್ಸಿಪಾಲರು ಕೇಳಿದರು.

“ಅಕ್ಕ ಅಲ್ಲ. ತಾನೇ ಕೊಯ್ದ ಸ್ಲೈಡಿನ ಗುರುತು ಅವರಿಗೆ ಸಿಗದೆ ಇರುತ್ತಾ? ಎರಡನೇ ಸರ್ ಅಲ್ಲ. ಅವರೂ ನಾನೂ ವಾರಕ್ಕೆರಡು ಸಲ ಇದನ್ನೇ ತೋರಿಸ್ತೀವಿ. ನಾವ್ಯಾರೂ ಈ ಸ್ಲೈಡ್ ತಂದು ಇಡೋ ದಡ್ಡತನ ಮಾಡೋಲ್ಲ.” ಅವಳು ಒಂದು ಕ್ಷಣ ನಿಂತಳು. “ಇದು ಪ್ರತಿ ವಾರ ಕಣ್ಣಿಗೆ ಬೀಳೋ ಮುಖ ಅಂತ ಗೊತ್ತಿಲ್ದೆ ಇರೋರು ವಿಭಾಗದಲ್ಲಿ ಒಬ್ರೇ. ಹನ್ನೆರಡು ವರ್ಷದಿಂದ ಪ್ರಾಕ್ಟಿಕಲ್ ಕ್ಲಾಸಿಗೆ ಬರದೋರು. ಅವರ ಪೆಟ್ಟಿಗೇಲಿ ಮೂವತ್ತೇಳು ಇಲ್ಲ.”

ಯಾರೂ ದೊಡ್ಡ ಸರ್ ಕಡೆ ತಿರುಗಲಿಲ್ಲ. ಅವರೇ ಮಾತಾಡಿದರು.

“ಕ್ಯಾನ್ಸರ್ ಅಂದ್ರೆ ಕ್ಯಾನ್ಸರ್, ಯಾವುದಾದ್ರೇನು ಅಂದ್ಕೊಂಡೆ.”

ಕೋಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಸ್ಲೈಡ್ ತೆಗೆದು ಮೇಜಿನ ಮೇಲಿಟ್ಟರು.

“ಒಡೆಯೋಕೆ ಕೈ ಬರ್ಲಿಲ್ಲ. ಬ್ಲಾಕ್ ನನ್ನ ಡ್ರಾಯರ್‌ನಲ್ಲಿದೆ. ಒಂದು ವರ್ಷದಿಂದ ಕಣ್ಣಿನ ನಡುವೆ ಮಬ್ಬು. ಸುತ್ತ ಎಲ್ಲ ಕಾಣುತ್ತೆ, ನೋಡ್ಬೇಕಾದ್ದು ಕಾಣಲ್ಲ. ಕಷ್ಟದ್ದೆಲ್ಲ ನಿನ್ನ ಕೈಲಿ ನೋಡಿಸ್ತಿದ್ದೆ. ಅವತ್ತು ನೀನು ರಜೆ. ಅಂದಾಜಲ್ಲಿ ಬರೆದೆ. ಪತ್ರ ಬಂದ ದಿನ ದೊಡ್ಡ ಪರದೆ ಮೇಲೆ ಹಾಕಿ ನೋಡ್ದೆ. ಆಗ ಗೊತ್ತಾಯ್ತು.”

ಹಾಗಾದರೆ ಬೇಕಾಗಿದ್ದದ್ದು ಅವಳಲ್ಲ, ಅವಳ ಒಂದು ಜೊತೆ ಕಣ್ಣು. ಒಂದು ವರ್ಷದ ಬೆಳಗುಗಳು ಅವಳ ಮುಂದೆ ಒಂದೊಂದಾಗಿ ಬಣ್ಣ ಕಳೆದುಕೊಂಡವು.

“ಕಣ್ಣು ಮಬ್ಬಾದ್ದು ನಿಮ್ಮ ತಪ್ಪಲ್ಲ ಸರ್,” ಅಂದಳು. “ಹತ್ತು ದಿನದಿಂದ ಗೊತ್ತಿತ್ತು. ನಾಳೆ ಈಕೆಗೆ ಔಷಧಿ ಹಾಕ್ತಿದ್ರು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನಿಜವಾದ ಸ್ಲೈಡನ್ನು ಮೈಕ್ರೊಸ್ಕೋಪಿಗೆ ಹಾಕಿ ಅವಳು ಓದುತ್ತಾ ಹೋದಳು. ಸತ್ತ ಕೊಬ್ಬಿನ ಕೋಶಗಳು. ಆ ಕೊಬ್ಬನ್ನು ತಿಂದು ನೊರೆಯಂತೆ ಉಬ್ಬಿದ ಕೋಶಗಳು. ಅಲ್ಲಲ್ಲಿ ಸುಣ್ಣದ ಕಾಳು. ಹೊರಗಿನ ವೈದ್ಯೆಯೂ ನೋಡಿ ತಲೆಯಾಡಿಸಿದಳು. ಪ್ರಿನ್ಸಿಪಾಲರು ಮೇಣದಕ್ಕನ ಸಸ್ಪೆನ್ಶನ್ ಪತ್ರವನ್ನು ಎರಡಾಗಿ ಹರಿದು, ಪೊಲೀಸರಿಗೆ ಫೋನು ಮಾಡಲು ಎದ್ದರು. ದೊಡ್ಡ ಸರ್ ಗೋಡೆ ತಡವುತ್ತಾ ಅವರ ಹಿಂದೆ ಹೋದರು.

ದರ್ಜಿ ಹೆಂಗಸು ಮೇಜಿನ ಹತ್ತಿರ ಬಂದಳು.

“ಹಾಗಾದ್ರೆ ನಂಗೆ ಕ್ಯಾನ್ಸರ್ ಇರ್ಲಿಲ್ವಾ?”

“ಇರ್ಲಿಲ್ಲ. ಔಷಧಿ ಬೇಡ.”

“ತೆಗೆದದ್ದು?”

ಮೇಡಂ ಬಾಯಿ ತೆರೆದಳು. ಕೀವರ್ಡ್ ಯಾವುದೂ ಸಿಗಲಿಲ್ಲ. “ತೆಗೀಬಾರ್ದಿತ್ತು,” ಅಂದಳು.

ಹೆಂಗಸು ಸ್ಟೂಲು ಎಳೆದುಕೊಂಡು ಕೂತಳು.

“ನಾನೂ ನೋಡ್ಬಹುದಾ?”

ಸೂಜಿಗೆ ದಾರ ಪೋಣಿಸುವವಳ ಹಾಗೆ ಒಂದು ಕಣ್ಣು ಮುಚ್ಚಿ ಬಗ್ಗಿದಳು.

“ನೆಟ್ ಬಟ್ಟೆ ಥರ ಇದೆ. ಇದು ನಂದೇನಾ?”

“ನಿಮ್ದೇ.”

“ಬಟ್ಟೆ ಕತ್ತರಿಸೋ ಮುಂಚೆ ಈ ಅಂಚಿಂದ ಆ ಅಂಚಿಗೆ ಪೂರ್ತಿ ನೋಡ್ತೀವಿ ನಾವು. ಎಲ್ಲಾದ್ರೂ ಹರಿದಿದೆಯಾ ಅಂತ. ಇದನ್ನೂ ಪೂರ್ತಿ ತೋರಿಸಿ.”

ಮೇಡಂ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡಳು. ಸ್ಲೈಡನ್ನು ಮೂಲೆಗೆ ತಂದು ಕೂದಲೆಳೆಯಷ್ಟು, ಕೂದಲೆಳೆಯಷ್ಟೇ ಸರಿಸತೊಡಗಿದಳು. ಇಬ್ಬರ ಭುಜ ತಾಗುತ್ತಿತ್ತು. ಯಾರೂ ಸರಿದು ಕೂರಲಿಲ್ಲ.

“ಇನ್ನೂ ಇದೆಯಾ?”

“ಇನ್ನೂ ಇದೆ.”

“ತೋರಿಸಿ.”